ಫ್ಲ್ಯಾಟ್‌ಬೆಡ್ ಬಂತು ಅಂತ ನಿರಾಳ ಆಗಬೇಡಿ, ಮೊದಲು ಪಾರ್ಕಿಂಗ್ ಲಾಕ್ ಬಿಡಿಸಿ

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರ್ ಕೊಂಡವರು, ಕೊಳ್ಳಬೇಕು ಅಂತಿರುವವರು ಇದನ್ನು ಪೂರ್ತಿ ಓದಿ. ಅದರಲ್ಲೂ ಎಂಜಿನ್ ಸೀಟಿನ ಹಿಂದೆ ಇದ್ದು, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಗಾಡಿ ಆದರೆ ಖಂಡಿತ ಓದಿ. ಇಂಥ ಕಾರು ಕೆಟ್ಟು ನಿಂತಾಗ ಆಗುವ ನಷ್ಟಕ್ಕಿಂತ, ಅದನ್ನು ಎತ್ತಿಕೊಂಡು ಹೋಗಲು ಬಂದವರು ಮಾಡುವ ನಷ್ಟ ಜಾಸ್ತಿ. ನಮ್ಮ ಭಾವನ ಕಾರಿಗೆ ಆಗಿದ್ದು ಇದೇ. ಕೆಟ್ಟಿದ್ದು ಬ್ಯಾಟರಿ, ರಿಪೇರಿ ಆಗಿದ್ದು ಮುಂದಿನ ಸಸ್ಪೆನ್ಷನ್.

ಗಾಡಿ ಪೋರ್ಷೆ 718 ಕೇಮನ್, ಪಿಡಿಕೆ ಗೇರ್‌ಬಾಕ್ಸ್, ಅಂದರೆ ಎರಡು ಕ್ಲಚ್ ಇರುವ (ಡ್ಯೂಯಲ್ ಕ್ಲಚ್) ಪೋರ್ಷೆಯ ಆಟೊಮ್ಯಾಟಿಕ್. ವಾರಪೂರ್ತಿ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಕವರ್ ಹೊದ್ದು ಮಲಗಿರುತ್ತದೆ. ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಕಡೆ ಒಂದು ರೌಂಡ್, ಮತ್ತೆ ಬೇಸ್‌ಮೆಂಟ್. ಬಳ್ಳಾರಿ ರಸ್ತೆಯಲ್ಲಿ ಭಾನುವಾರ ಬೆಳಿಗ್ಗೆ ಓಡಾಡಿದವರಿಗೆ ಈ ಸ್ಪೋರ್ಟ್ಸ್ ಕಾರುಗಳ ಗುಂಪು ಗೊತ್ತೇ ಇರುತ್ತದೆ. ಆ ದಿನ ವಾಪಸ್ ಬರುವಾಗ ಚಿಕ್ಕಜಾಲದ ಹತ್ತಿರ ಸರ್ವಿಸ್ ರಸ್ತೆಯಲ್ಲಿ ಇಡ್ಲಿ ತಿನ್ನೋಕೆ ಅಂತ ನಿಲ್ಲಿಸಿದರು. ಗೇರ್ ಲಿವರ್ ಪಿ (ಪಾರ್ಕ್) ಗೆ ಹಾಕಿ, ಜಾಗ ಸ್ವಲ್ಪ ಇಳಿಜಾರು ಅಂತ ಪಾರ್ಕಿಂಗ್ ಬ್ರೇಕ್ ಬಟನ್ನೂ ಒತ್ತಿದರು. ತಿಂದು ಬಂದು ನೋಡಿದರೆ ಗಾಡಿಯಲ್ಲಿ ಉಸಿರೇ ಇಲ್ಲ. ಮೀಟರ್ ದೀಪ ಕೂಡ ಬರಲಿಲ್ಲ. ಹಳೇ ಬ್ಯಾಟರಿ, ಒಳಗೆ ಒಂದು ಸೆಲ್ ಹೋಗಿತ್ತು ಅಂತ ಆಮೇಲೆ ಗೊತ್ತಾಯಿತು.

ಭಾವ ರೋಡ್‌ಸೈಡ್ ಅಸಿಸ್ಟೆನ್ಸ್ ಕಂಪನಿಗೆ ಫೋನ್ ಮಾಡಿದರು. ಕಂಪನಿ ಹೆಸರು ಇಲ್ಲಿ ಹಾಕಲ್ಲ. ಮಿಡ್ ಎಂಜಿನ್ ಕಾರ್, ಬ್ಯಾಟರಿ ಡೆಡ್, ಇಡೀ ಗಾಡಿಯನ್ನು ಮೇಲೆ ಹೊತ್ತು ಒಯ್ಯುವ ಫ್ಲ್ಯಾಟ್‌ಬೆಡ್ಡೇ ಬೇಕು ಅಂತ ಬಿಡಿಸಿ ಹೇಳಿದ್ದಾರೆ. ಆದರೂ ಮೊದಲು ಬಂದಿದ್ದು ಎರಡು ಚಕ್ರ ಎತ್ತಿ ಎಳೆಯುವ ಟೋಯಿಂಗ್ ಗಾಡಿ. ಅದನ್ನು ವಾಪಸ್ ಕಳಿಸಿದರು. ಅದೇ ಹೊತ್ತಿಗೆ ನನಗೂ ಫೋನ್ ಬಂತು. "ನೀನು ಒಂದ್ಸಲ ಬಂದು ಹೋಗೋ, ಇವರು ಹೇಳೋದು ಯಾಕೋ ಸರಿ ಕಾಣ್ತಿಲ್ಲ" ಅಂದರು. ನಾನು ಸಹಕಾರನಗರದಿಂದ ಹೊರಟೆ. ನಾನು ತಲುಪುವ ಹೊತ್ತಿಗೆ ಫ್ಲ್ಯಾಟ್‌ಬೆಡ್ ಬಂದಿತ್ತು, ಚೈನ್ ಕಟ್ಟಿ ಆಗಿತ್ತು, ಗಾಡಿಯನ್ನು ಮೇಲಕ್ಕೆ ಎಳೆಯುವ ರಾಟೆ, ಅಂದರೆ ವಿಂಚ್, ತಿರುಗುತ್ತಾ ಇತ್ತು.

ಅವರು ಮಾಡಿದ್ದು ಏನು ಅಂತ ಕೇಳಿ. ಬಂದವರು ಮೊದಲು ತಳ್ಳಿ ನೋಡಿದ್ದಾರೆ, ಅಲುಗಲಿಲ್ಲ. ಲಿವರ್ ಎಳೆದು ನೋಡಿದ್ದಾರೆ, ಪಿ ಬಿಟ್ಟು ಬರಲಿಲ್ಲ. ಒಬ್ಬ ಹುಡುಗ ಹಿಂದಿನ ಡಿಕ್ಕಿ ತೆಗೆದು ಎಂಜಿನ್ ಹುಡುಕಿದ್ದಾನೆ. ಪಾಪ, ಅವನ ತಪ್ಪಲ್ಲ, ಕೇಮನ್‌ನಲ್ಲಿ ಎಂಜಿನ್ ನೋಡೋಕೆ ಬಾನೆಟ್ಟೇ ಇಲ್ಲ. ಹಿಂದಿನ ಡಿಕ್ಕಿಯಲ್ಲಿ ಆಯಿಲ್, ಕೂಲೆಂಟ್ ಹಾಕುವ ಬಾಯಿ ಮಾತ್ರ ಕಾಣುತ್ತದೆ. ಕೊನೆಗೆ, ಎಳೆಯುವ ಹುಕ್ ಎಲ್ಲಿ ಅಂತ ಭಾವನನ್ನು ಕೇಳಿದ್ದಾರೆ. ಮುಂದಿನ ಡಿಕ್ಕಿಯಲ್ಲಿದೆ, ಕರೆಂಟ್ ಇಲ್ಲದೆ ಅದು ತೆಗೆಯಲ್ಲ, ಸ್ವಲ್ಪ ಇರಿ ಅಂತ ಭಾವ ಹೇಳಿದ್ದಾರೆ. ಇರೋರು ಯಾರು? "ದಿನಾ ಎಷ್ಟು ಗಾಡಿ ಎತ್ತುತ್ತೀವಿ ಸಾರ್, ಏನೂ ಆಗಲ್ಲ" ಅಂತ ಮುಂದಿನ ಚಕ್ರದ ಹಿಂದೆ ಕೈ ಹಾಕಿ, ಚಕ್ರವನ್ನು ಹಿಡಿದಿಡುವ ಸಸ್ಪೆನ್ಷನ್ ಆರ್ಮ್ ಸಿಕ್ಕಿದ್ದಕ್ಕೆ ಅದಕ್ಕೇ ಚೈನ್ ಸುತ್ತಿ ವಿಂಚ್ ಆನ್ ಮಾಡಿದ್ದಾರೆ.

ಆ ಆರ್ಮ್ ಅಲ್ಯೂಮಿನಿಯಂ. ಗಾಡಿ 1,300 ಕೆಜಿಗೂ ಮೇಲೆ. ಹಿಂದಿನ ಎರಡೂ ಚಕ್ರ ಲಾಕ್. ಟೈರ್ ತಿರುಗದೆ ಟಾರಿನ ಮೇಲೆ ಉಜ್ಜಿಕೊಂಡು ಕಪ್ಪು ಗೆರೆ ಎಳೆದುಕೊಂಡು ಬರುತ್ತಿತ್ತು. ಮುಂದಿನ ಬಂಪರಿನ ಕೆಳತುಟಿ ರ‍್ಯಾಂಪಿನ ಅಂಚಿಗೆ ತಾಗಿ ಮಡಚಿತ್ತು. ನಾನು ಕೂಗಿದೆ, "ಭಾವ, ಮೊದಲು ವಿಂಚ್ ನಿಲ್ಲಿಸೋಕೆ ಹೇಳಿ!" ನಿಲ್ಲಿಸಿದರು. ಎಡಗಡೆ ಚಕ್ರ ಆಗಲೇ ಸೊಟ್ಟಗೆ ನಿಂತಿತ್ತು.

ಈಗ ಗಾಡಿ ಯಾಕೆ ಅಲುಗಲಿಲ್ಲ ಅನ್ನೋದು. ಇದು ಗೊತ್ತಿದ್ದರೆ ನೀವು ಸ್ಥಳದಲ್ಲೇ ಜಗಳ ಆಡಬಹುದು, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಪಿ ಅಂದರೆ ಬ್ರೇಕ್ ಅಲ್ಲ. ಗೇರ್‌ಬಾಕ್ಸ್ ಒಳಗೆ ಒಂದು ಹಲ್ಲಿನ ಚಕ್ರ ಇರುತ್ತದೆ, ಅದರ ಹಲ್ಲುಗಳ ನಡುವೆ ಒಂದು ಸಣ್ಣ ಲೋಹದ ತುಂಡು ಹೋಗಿ ಕೂರುತ್ತದೆ, ಬಾಗಿಲಿಗೆ ಅಗಳಿ ಹಾಕಿದ ಹಾಗೆ. ಪಾರ್ಕಿಂಗ್ ಪಾಲ್ ಅಂತಾರೆ. ಎಂಜಿನ್ ಹಿಂದೆ ಇದ್ದು ಹಿಂದಿನ ಚಕ್ರಗಳೇ ಓಡಿಸುವ ಗಾಡಿಯಲ್ಲಿ ಇದು ಹಿಂದಿನ ಚಕ್ರಗಳನ್ನು ಹಿಡಿದುಕೊಳ್ಳುತ್ತದೆ. ಬ್ಯಾಟರಿ ಸತ್ತರೆ ಲಿವರ್ ಪಿ ಯಿಂದ ಹೊರಗೆ ಬರಲ್ಲ. ಅದರ ಮೇಲೆ ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಬೇರೆ. ಅದನ್ನು ಹಿಡಿಸೋದೂ ಬಿಡಿಸೋದೂ ಮೋಟರ್. ಕರೆಂಟ್ ಇಲ್ಲ ಅಂದರೆ ಅದೂ ಬಿಡಲ್ಲ. ಅಂದರೆ ಎರಡು ಬೀಗ. ತುಂಬಾ ಜನ ಒಂದನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಗೇರ್‌ಬಾಕ್ಸಿನ ಎಮರ್ಜೆನ್ಸಿ ರಿಲೀಸ್ ಎಳೆದ ಮೇಲೂ ಗಾಡಿ ಯಾಕೆ ಬರಲ್ಲ ಅಂತ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಎಮರ್ಜೆನ್ಸಿ ರಿಲೀಸ್ ಒಂದೊಂದು ಕಾರಿನಲ್ಲಿ ಒಂದೊಂದು ಥರ. ಕೆಲವದರಲ್ಲಿ ಗೇರ್ ಲಿವರ್ ಪಕ್ಕದ ಮುಚ್ಚಳ ಎಬ್ಬಿಸಿದರೆ ಎಳೆಯುವ ಪಟ್ಟಿ ಸಿಗುತ್ತದೆ, ಕೆಲವದರಲ್ಲಿ ತೂತಿನ ಒಳಗೆ ಕಾರಿನ ಜೊತೆ ಬಂದ ಟೂಲ್ ಹಾಕಿ ತಿರುಗಿಸಬೇಕು, ಇನ್ನು ಕೆಲವಕ್ಕೆ ಗಾಡಿ ಕೆಳಗೇ ನುಗ್ಗಬೇಕು. ನಿಮ್ಮದು ಯಾವುದು ಅಂತ ಓನರ್ಸ್ ಮ್ಯಾನುಯಲ್ ತೆಗೆದು ಇವತ್ತೇ ನೋಡಿ, ಆ ಪುಟದ ಫೋಟೊ ಫೋನಿನಲ್ಲಿ ಇಟ್ಟುಕೊಳ್ಳಿ. ಮ್ಯಾನುಯಲ್ ಪುಸ್ತಕವನ್ನೂ ಮುಂದಿನ ಡಿಕ್ಕಿಯಲ್ಲೇ ಇಟ್ಟವರನ್ನು ನೋಡಿದ್ದೇನೆ, ಏನು ಹೇಳೋದು. ಇನ್ನೊಂದು ಮಾತು. ರಿಲೀಸ್ ಎಳೆಯುವ ಮುಂಚೆ ಚಕ್ರಗಳಿಗೆ ಅಡ್ಡಗಲ್ಲು ಕೊಡಿ. ಲಾಕ್ ಬಿಟ್ಟ ತಕ್ಷಣ ಗಾಡಿ ಇಳಿಜಾರಿನ ಕಡೆ ಹೊರಟುಬಿಡುತ್ತದೆ, ಎಂಜಿನ್ ಆಫ್ ಇರುವಾಗ ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿ ಇರುತ್ತದೆ.

ಇನ್ನು ಮುಂದಿನ ಡಿಕ್ಕಿಯ ಕಥೆ. ಈ ಗಾಡಿಯಲ್ಲಿ ಬ್ಯಾಟರಿ ಅಲ್ಲೇ, ಟೋಯಿಂಗ್ ಹುಕ್ ಅಲ್ಲೇ, ಟೂಲ್ ಕಿಟ್ ಅಲ್ಲೇ. ಡಿಕ್ಕಿಯ ಲಾಚ್ ಎಲೆಕ್ಟ್ರಿಕ್. ಬ್ಯಾಟರಿ ಸತ್ತರೆ ಡಿಕ್ಕಿ ತೆಗೆಯಲ್ಲ, ಡಿಕ್ಕಿ ತೆಗೆಯದೆ ಬ್ಯಾಟರಿ ಮುಟ್ಟೋಕಾಗಲ್ಲ. ಆದರೆ ದಾರಿ ಇದೆ. ಒಳಗೆ ಕಾಲಿಡುವ ಜಾಗದ ಪಕ್ಕ ಫ್ಯೂಸ್ ಬಾಕ್ಸ್ ಇದೆ, ಅದರಲ್ಲಿ ಹೊರಗೆ ಎಳೆಯುವ ಒಂದು ಪ್ಲಸ್ ಟರ್ಮಿನಲ್ ಇದೆ. ಅದಕ್ಕೆ ಜಂಪ್ ಸ್ಟಾರ್ಟರಿನ (ಸತ್ತ ಬ್ಯಾಟರಿಗೆ ಹೊರಗಿನಿಂದ ಕರೆಂಟ್ ಕೊಡುವ ಸಣ್ಣ ಬ್ಯಾಟರಿ) ಕೆಂಪು ಕ್ಲಿಪ್, ಬಾಗಿಲಿನ ಹತ್ತಿರದ ಬರಿ ಲೋಹಕ್ಕೆ ಕಪ್ಪು ಕ್ಲಿಪ್. ಕಾರ್ ಲಾಕ್ ಆಗಿದ್ದರೆ ಅಲಾರಂ ಕೂಗಿಕೊಳ್ಳುತ್ತದೆ, ಹೆದರಬೇಡಿ, ರಿಮೋಟ್ ಒತ್ತಿದರೆ ಸುಮ್ಮನಾಗುತ್ತದೆ. ನಮಗೂ ಕೂಗಿತು, ಹೋಟೆಲ್‌ನಲ್ಲಿದ್ದ ಅರ್ಧ ಜನ ದೋಸೆ ಬಿಟ್ಟು ಹೊರಗೆ ಬಂದರು. ಆಮೇಲೆ ಡಿಕ್ಕಿ ಬಟನ್ ಒತ್ತಿದರೆ ಟಕ್ ಅಂತ ತೆಗೆಯುತ್ತದೆ. ಈ ಟರ್ಮಿನಲ್ ಡಿಕ್ಕಿ ತೆಗೆಯೋಕೆ ಮಾತ್ರ. ಅಲ್ಲಿಂದಲೇ ಎಂಜಿನ್ ಸ್ಟಾರ್ಟ್ ಮಾಡೋಕೆ ಹೋಗಬೇಡಿ, ಆ ವೈರ್ ಅಷ್ಟು ಕರೆಂಟ್ ತಡೆಯಲ್ಲ. ಸ್ಟಾರ್ಟ್ ಮಾಡುವ ಜಂಪ್ ಡಿಕ್ಕಿ ತೆಗೆದ ಮೇಲೆ, ಮುಂದೆ.

ಹಾಗೇ ಎದುರಿಗೆ ಲಾರಿ ನಿಂತಿದೆ, ಅದರ ಬ್ಯಾಟರಿಯಿಂದಲೇ ಎಳೆದುಬಿಡೋಣ ಅಂತ ಯಾರಾದರೂ ಅಂದರೆ ಕೈ ಮುಗಿದು ಬೇಡ ಅನ್ನಿ. ದೊಡ್ಡ ಲಾರಿಗಳಲ್ಲಿ ಸಾಮಾನ್ಯವಾಗಿ 24 ವೋಲ್ಟ್. ಕಾರು 12 ವೋಲ್ಟ್. ಕಾರಿನ ಎಲೆಕ್ಟ್ರಾನಿಕ್ಸ್ ಎಲ್ಲಾ ಹೊಗೆ ಆಗುತ್ತದೆ.

ನನ್ನ ಹತ್ತಿರ ಜಂಪ್ ಸ್ಟಾರ್ಟರ್ ಇತ್ತು. ಡಿಕ್ಕಿ ತೆಗೆದೆವು, ಬ್ಯಾಟರಿಗೆ ಕೊಟ್ಟೆವು, ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಪಾರ್ಕಿಂಗ್ ಬ್ರೇಕ್ ಬಿಟ್ಟಿತು, ಗೇರ್ ನ್ಯೂಟ್ರಲ್‌ಗೆ ಬಂತು. ಅಂದರೆ ಗಾಡಿ ಮನೆಗೆ ತಾನೇ ಓಡಿಸಿಕೊಂಡು ಹೋಗುವ ಸ್ಥಿತಿಯಲ್ಲಿತ್ತು, ಚೈನ್ ಕಟ್ಟುವವರೆಗೆ. ಸೊಟ್ಟ ಚಕ್ರ ಇಟ್ಟುಕೊಂಡು ಓಡಿಸೋಕಾಗುತ್ತಾ? ಅದೇ ಫ್ಲ್ಯಾಟ್‌ಬೆಡ್ ಮೇಲೇ ಹೋಗಬೇಕಾಯಿತು, ಈ ಸಲ ಬಂಪರಿಗೆ ಹುಕ್ ಹಾಕಿ, ಚಕ್ರದ ಕೆಳಗೆ ಹಲಗೆ ಕೊಟ್ಟು.

ಹುಕ್ ಬಗ್ಗೆ ಎರಡು ವಿಷಯ. ಬಂಪರಿನಲ್ಲಿ ಒಂದು ಸಣ್ಣ ಮುಚ್ಚಳ ಇರುತ್ತದೆ, ಅದನ್ನು ತೆಗೆದು ಹುಕ್ ತಿರುಗಿಸಿ ಕೊನೆಯವರೆಗೂ ಕೂರಿಸಬೇಕು. ಜರ್ಮನ್ ಗಾಡಿಗಳಲ್ಲಿ ಹಲವಕ್ಕೆ ಉಲ್ಟಾ ಥ್ರೆಡ್, ಎಡಕ್ಕೆ ತಿರುಗಿಸಿದರೆ ಬಿಗಿ ಆಗುತ್ತದೆ. ಗೊತ್ತಿಲ್ಲದವರು ಬಲಕ್ಕೆ ಒತ್ತಿ ಒತ್ತಿ ಥ್ರೆಡ್ ಕೆಡಿಸುತ್ತಾರೆ. ಹುಕ್ ಕಳೆದಿದ್ದರೆ ಬಿಡಿಭಾಗದ ಅಂಗಡಿಗಳ ಜೆ.ಸಿ. ರಸ್ತೆಯಲ್ಲಿ ಯಾವುದೋ ಒಂದು ಸಿಗುತ್ತೆ ಬಿಡು ಅನ್ನುವವರ ಮಾತು ಕೇಳಬೇಡಿ. ಅರ್ಧ ಥ್ರೆಡ್ ಹಿಡಿದ ಹುಕ್ ವಿಂಚ್ ಎಳೆತಕ್ಕೆ ಕಿತ್ತು ಬಂದರೆ ಎದುರಿಗಿದ್ದವರ ಮುಖಕ್ಕೇ ಬರುತ್ತದೆ. ನಿಮ್ಮ ಮಾಡೆಲ್‌ಗೆ ಹೊಂದುವುದನ್ನೇ ತರಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಟೈರ್, ಪೇಂಟ್ ಎಲ್ಲಾ ನೋಡುತ್ತಾರೆ, ಹುಕ್ ಇದೆಯಾ ಅಂತ ಡಿಕ್ಕಿಯ ಫೋಮ್ ಎತ್ತಿ ನೋಡುವವರು ಕಮ್ಮಿ. ದುಡ್ಡು ಕೊಡುವ ಮುಂಚೆ ಹುಕ್ ಹಾಕಿಸಿಯೇ ನೋಡಿ.

ಎರಡು ಚಕ್ರ ಎತ್ತಿ ಎಳೆಯುವ ಗಾಡಿ ಯಾಕೆ ಬೇಡ ಅಂದರೆ, ಡ್ಯೂಯಲ್ ಕ್ಲಚ್ ಗೇರ್‌ಬಾಕ್ಸಿನಲ್ಲಿ ಆಯಿಲ್ ಓಡಾಡೋಕೆ ಎಂಜಿನ್ ತಿರುಗಬೇಕು. ಎಂಜಿನ್ ಆಫ್ ಮಾಡಿ ಹಿಂದಿನ ಚಕ್ರ ನೆಲದ ಮೇಲೆ ಉರುಳಿಸಿಕೊಂಡು ಹೋದರೆ ಒಳಗಿನ ಭಾಗಗಳು ಆಯಿಲ್ ಇಲ್ಲದೆ ತಿರುಗುತ್ತವೆ. ಗೇರ್‌ಬಾಕ್ಸ್ ಹೋದರೆ ಅದರ ಬೆಲೆಗೆ ಒಂದು ಸಣ್ಣ ಕಾರೇ ಬರುತ್ತದೆ. ನಾಲ್ಕೂ ಚಕ್ರ ಮೇಲೆ, ಬೆಲ್ಟ್ ಟೈರ್ ಮೇಲೆ, ಅಷ್ಟೇ. ಆರ್ಮ್‌ಗೆ ಬೆಲ್ಟ್ ಕಟ್ಟೋಕೆ ಬಿಡಬೇಡಿ. ಅಕಸ್ಮಾತ್ ಕರೆಂಟೇ ಕೊಡೋಕಾಗದ ಸ್ಥಿತಿ ಆದರೆ ಹಿಂದಿನ ಚಕ್ರಗಳ ಕೆಳಗೆ ಇಡುವ ಸಣ್ಣ ಟ್ರಾಲಿ, ಡಾಲಿ ಅಂತಾರಲ್ಲ, ಅದು ಇರುವವರನ್ನೇ ಕರೆಸಿ. ಬೇಸ್‌ಮೆಂಟಿನಲ್ಲಿ ನಿಂತ ಗಾಡಿಗಂತೂ ಅದೇ ಗತಿ, ಯಾಕೆಂದರೆ ನಮ್ಮ ಅಪಾರ್ಟ್‌ಮೆಂಟುಗಳ ಬೇಸ್‌ಮೆಂಟಿಗೆ ಫ್ಲ್ಯಾಟ್‌ಬೆಡ್ ಇಳಿಯೋ ಮಾತೇ ಇಲ್ಲ. ನಿಂತ ಗಾಡಿಯ ಬ್ಯಾಟರಿ ಇಳಿಯದ ಹಾಗೆ ಚಾರ್ಜ್ ಮಾಡುವ ಮೇಂಟೈನರ್ ಹಾಕಿಡೋಣ ಅಂದರೆ ಪಾರ್ಕಿಂಗ್ ಜಾಗದಲ್ಲಿ ಪ್ಲಗ್ ಪಾಯಿಂಟಿಗೆ ಅಸೋಸಿಯೇಷನ್ ಒಪ್ಪಲ್ಲ, ಅದು ಬೇರೆ ಜಗಳ.

ಇನ್ನು ದುಡ್ಡಿನ ವಿಷಯ. ಬಿಲ್ ಲಕ್ಷ ದಾಟಿತು. ಆರ್ಮ್, ಕೆಳಗಿನ ಪ್ಲಾಸ್ಟಿಕ್ ತಟ್ಟೆ, ಮುಂದಿನ ತುಟಿ, ಒಂದೇ ಕಡೆ ಸವೆದ ಎರಡು ಹಿಂದಿನ ಟೈರ್. ಅಸಿಸ್ಟೆನ್ಸ್ ಕಂಪನಿಯವರು, ಗಾಡಿ ಮೊದಲೇ ಹಾಗಿತ್ತು ಅಂದರು. ಚೈನ್ ಹಾಕುವ ಮುಂಚೆಯೇ ಭಾವನ ಫೋನಿಗೆ ಒಂದು ಒಟಿಪಿ ಬಂದಿತ್ತು, "ಕೆಲಸ ಶುರು ಮಾಡೋಕೆ ಬೇಕು ಸಾರ್" ಅಂತ ಇಸ್ಕೊಂಡಿದ್ದರು. ಅದು ಗಾಡಿಯ ಸ್ಥಿತಿಗೆ ಒಪ್ಪಿಗೆ ಅಂತ ಈಗ ಹೇಳುತ್ತಾರೆ. ಒಟಿಪಿ ಕೊಡುವ ಮುಂಚೆ ಗಾಡಿಯನ್ನು ಸುತ್ತಲೂ, ಚಕ್ರಗಳ ಹಿಂದೆಯೂ ವಿಡಿಯೊ ಮಾಡಿ. ಅವರ ಗಾಡಿ ನಂಬರೂ ಅದರಲ್ಲಿ ಬರಲಿ.

ಇನ್ಶೂರೆನ್ಸ್ ನಂಬಿ ಕೂರಬೇಡಿ. ಸಾಮಾನ್ಯ ಮೋಟರ್ ಪಾಲಿಸಿಯಲ್ಲಿ ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಲೆಕ್ಕಕ್ಕೇ ಬರಲ್ಲ. ಅಪಘಾತ ಆದರೆ ಗಾಡಿ ಎತ್ತಿಸುವ ಖರ್ಚು ಅಂತ ಸ್ವಂತ ಕಾರಿಗೆ ಕೊಡುವ ಮಿತಿ 1,500 ರೂಪಾಯಿ, ಹಳೇ ಕಾಲದ ಲೆಕ್ಕ. ಆ್ಯಡ್ ಆನ್ ತಗೊಂಡಿದ್ದರೆ ಟೋಯಿಂಗ್‌ನಲ್ಲಿ ಆಗುವ ಡ್ಯಾಮೇಜ್ ಬಗ್ಗೆ ಏನು ಬರೆದಿದೆ ಅಂತ ಸಣ್ಣ ಅಕ್ಷರ ಓದಿ.

ಹೆದ್ದಾರಿಯ ನಡುವೆ ನಿಂತುಬಿಟ್ಟರೆ 1033 ಗೆ ಫೋನ್ ಮಾಡಿ, ಅದು ರಾಷ್ಟ್ರೀಯ ಹೆದ್ದಾರಿ ಸಹಾಯವಾಣಿ, ಬಳ್ಳಾರಿ ರಸ್ತೆ ಎನ್‌ಎಚ್ 44 ಆದ್ದರಿಂದ ಅಲ್ಲಿಗೂ ನಡೆಯುತ್ತದೆ. ಆದರೆ ಬರುವ ಕ್ರೇನ್‌ನವರಿಗೆ ರಸ್ತೆ ತೆರವು ಮಾಡೋದೇ ಮುಖ್ಯ, ನಿಮ್ಮ ಕಾರಿನ ಆರ್ಮ್ ಅಲ್ಲ. ಹುಕ್ ಕೈಯಲ್ಲಿ ಹಿಡಿದೇ ನಿಂತಿರಿ. ನಾವು ಈಗ ಹುಕ್, ಟೂಲ್ ಎರಡನ್ನೂ ಮುಂದಿನ ಡಿಕ್ಕಿಯಿಂದ ತೆಗೆದು, ಜಂಪ್ ಸ್ಟಾರ್ಟರ್ ಜೊತೆ ಸೀಟಿನ ಹಿಂದೆ ಚೀಲದಲ್ಲಿ ಇಟ್ಟಿದ್ದೇವೆ.

ಕಂಪನಿ ವಿರುದ್ಧ ಭಾವ ಗ್ರಾಹಕ ಸಹಾಯವಾಣಿ 1915 ರಲ್ಲಿ ದೂರು ಬರೆಸಿದ್ದಾರೆ. ನಿಮಗೂ ಹೀಗೇ ಆಗಿದ್ದರೆ, ಫ್ಲ್ಯಾಟ್‌ಬೆಡ್ ಬೇಕು ಅಂತ ಕೇಳಿದ ಮೆಸೇಜ್, ವಿಡಿಯೊ, ವರ್ಕ್‌ಶಾಪ್ ಎಸ್ಟಿಮೇಟ್ ಎಲ್ಲಾ ಒಂದೇ ಕಡೆ ಇಟ್ಟುಕೊಂಡು ಫೋನ್ ಮಾಡಿ. ಅವರು ಮೊದಲು ಕೇಳೋದೇ ಅದು.