ಕಪ್ಪು ವೈರ್ ಅರ್ಥ್ ಅಲ್ಲ: ಹಳೇ ಸ್ಪ್ಲೆಂಡರ್ ಸ್ವಿಚ್ ರಿಪೇರಿಗೆ ಹೋಗಿ ನಾನು ಕೆಟ್ಟ ಕಥೆ

ನಮ್ಮಪ್ಪ 1998ರಲ್ಲಿ ತೆಗೆದುಕೊಂಡ ಹೀರೋ ಹೋಂಡಾ ಸ್ಪ್ಲೆಂಡರ್ ಇವತ್ತಿಗೂ ನಮ್ಮ ಮನೆಯಲ್ಲಿದೆ. ಎಂಜಿನ್ ಬಗ್ಗೆ ಒಂದು ಮಾತೂ ಆಡುವ ಹಾಗಿಲ್ಲ. ತೊಂದರೆ ಶುರುವಾಗಿದ್ದು ಎಡಗೈ ಸ್ವಿಚ್ಚಿನಲ್ಲಿ. ಮಳೆಗಾಲ ಮುಗಿಯುವ ಹೊತ್ತಿಗೆ ಡಿಪ್ ಹಾಕಿದರೆ ಹೆಡ್‌ಲೈಟ್ ಮಿಣಕ್ ಮಿಣಕ್ ಅನ್ನುತ್ತಿತ್ತು. ಇಂಡಿಕೇಟರ್ ಬಲಕ್ಕೆ ತಳ್ಳಿದರೆ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ಮಲೆನಾಡಿನ ಮಳೆಗೆ ಇದೇನು ಹೊಸದಲ್ಲ, ಒಳಗಿನ ಹಿತ್ತಾಳೆಗೆ ಕಿಲುಬು ಹಿಡಿದಿರುತ್ತದೆ. ಅದನ್ನು ಒರೆಸಿದ್ದರೆ ಸಾಕಿತ್ತು.

ನಾನು ಒರೆಸಲಿಲ್ಲ. ಭಾನುವಾರ ಅಂಗಳದಲ್ಲಿ ಕೂತು ಬಿಚ್ಚಿದೆ. ಮೊದಲು ಸ್ಕ್ರೂ ತಲೆ ಬೋಳಾಯಿತು. ಆ ಕಾಲದ ಈ ಗಾಡಿಗಳ ಸ್ಕ್ರೂ ಜಪಾನಿ ಅಳತೆಯವು, ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರ್ ಅದರಲ್ಲಿ ಸರಿಯಾಗಿ ಕೂರುವುದಿಲ್ಲ, ಜಾರುತ್ತದೆ. ಹೇಗೋ ತೆಗೆದೆ. ಇಂಡಿಕೇಟರ್ ಗುಂಡಿಯ ಪ್ಲೇಟ್ ಎತ್ತಿದ ತಕ್ಷಣ ಟಿಂಗ್ ಅಂತ ಏನೋ ಹಾರಿತು. ಆ ಗುಂಡಿ ಎಡ, ನಡು, ಬಲ ಅಂತ ಟಕ್ ಟಕ್ ನಿಲ್ಲುತ್ತದಲ್ಲ, ಅದಕ್ಕೆ ಒಳಗೆ ಒಂದು ಸಣ್ಣ ಸ್ಪ್ರಿಂಗು, ಅದರ ತುದಿಗೆ ಒಂದು ಉಕ್ಕಿನ ಗುಂಡು ಇರುತ್ತದೆ. ಸ್ಪ್ರಿಂಗ್ ಸಿಕ್ಕಿತು. ಗುಂಡು ಒಣಹಾಕಿದ್ದ ಅಡಿಕೆಯ ನಡುವೆ ಎಲ್ಲೋ ಹೋಯಿತು. ಅಮ್ಮ ಅಡಿಕೆ ಗೋರುವಾಗೆಲ್ಲ ಇವತ್ತಿಗೂ ಅದನ್ನು ನೆನೆಸಿ ಬೈಯುತ್ತಾಳೆ.

ಹೊಸ ಸ್ವಿಚ್ ಸೆಟ್ ತಂದರಾಯಿತು ಅಂತ ಸ್ಪೇರ್ಸ್ ಅಂಗಡಿಗೆ ಹೋದೆ. ಕಂಪನಿ ಐಟಂ ಇರಲಿಲ್ಲ. "ಇದು ಎಲ್ಲಾ ಗಾಡಿಗೂ ಆಗುತ್ತೆ ಅಣ್ಣ, ಕಪ್ಲರ್ ಕಟ್ ಮಾಡಿ ಜಾಯಿಂಟ್ ಹೊಡ್ಕೊಳಿ" ಅಂದ ಹುಡುಗ. ಎಲ್ಲಾ ಗಾಡಿಗೂ ಆಗುವ ವಸ್ತು ಯಾವ ಗಾಡಿಗೂ ಸರಿಯಾಗಿ ಆಗುವುದಿಲ್ಲ ಅಂತ ಆಗ ಹೊಳೆಯಲಿಲ್ಲ. ಹೆಡ್‌ಲೈಟ್ ಡೂಮ್ ಬಿಚ್ಚಿ ಹಳೇ ಕಪ್ಲರನ್ನು, ಅಂದರೆ ವೈರುಗಳನ್ನೆಲ್ಲ ಒಟ್ಟಿಗೆ ಜೋಡಿಸುವ ಪ್ಲಾಸ್ಟಿಕ್ ಪ್ಲಗ್ಗನ್ನು, ಕತ್ತರಿಸಿಬಿಟ್ಟೆ. ಫೋಟೊ ಸಹ ತೆಗೆದುಕೊಂಡಿರಲಿಲ್ಲ.

ಹೊಸ ಸೆಟ್ಟಿನ ವೈರ್ ಬಣ್ಣವೂ ಗಾಡಿಯ ಬಣ್ಣವೂ ಒಂದಕ್ಕೊಂದು ಹೊಂದಲಿಲ್ಲ. ಹೊಸದರಲ್ಲಿ ಒಂದು ಕಪ್ಪು ವೈರ್, ತುದಿಗೆ ಬೋಲ್ಟ್ ಕೂರುವ ಬಳೆ. ಇದು ಅರ್ಥ್, ಅಂದರೆ ಫ್ರೇಮಿಗೆ ಸೇರಿಸುವ ನೆಗೆಟಿವ್ ವೈರ್ ಅಂತ ನೋಡಿದರೇ ಗೊತ್ತಾಗುತ್ತದೆ. ನನ್ನ ಗೆಳೆಯನ ಯಮಹಾ ಆರ್‌ಎಕ್ಸ್ 100ನಲ್ಲೂ ಕಪ್ಪೇ ಅರ್ಥ್. ಹಾಗಾಗಿ ಗಾಡಿಯ ಕಪ್ಪನ್ನು ಇದರ ಕಪ್ಪಿಗೆ ಸೇರಿಸಿ ಬಳೆಯನ್ನು ಫ್ರೇಮಿಗೆ ಬಿಗಿದೆ.

ಇಲ್ಲೇ ನಾನು ಕೆಟ್ಟಿದ್ದು. ಯಮಹಾದಲ್ಲಿ ಕಪ್ಪು ಅರ್ಥ್. ಹೋಂಡಾ ಪದ್ಧತಿಯಲ್ಲಿ ಅರ್ಥ್ ಹಸಿರು. ಕಪ್ಪು ಅಂದರೆ ಕೀ ಆನ್ ಮಾಡಿದಾಗ ಬ್ಯಾಟರಿಯ 12 ವೋಲ್ಟ್ ಬರುವ ವೈರ್! ಅದನ್ನು ನಾನೇ ಕೈಯಾರೆ ಫ್ರೇಮಿಗೆ ಕಟ್ಟಿದ್ದೆ.

ಕೀ ತಿರುಗಿಸಿದೆ, ಫ್ಯೂಸ್ ಹೋಯಿತು. ಇನ್ನೊಂದು ಹಾಕಿದೆ, ಅದೂ ಹೋಯಿತು. ಎರಡನೇ ಸಲ ಹೋದಾಗಲೇ ನಿಲ್ಲಿಸಬೇಕಿತ್ತು. ಅಷ್ಟರಲ್ಲಿ ಗ್ಯಾರೇಜಿನಲ್ಲಿ ಕೆಲಸ ಮಾಡುವ ಪರಿಚಯದವನೊಬ್ಬ ಬಂದ. "ಫ್ಯೂಸ್ ಲೋಕಲ್ ಇರಬೇಕು" ಅಂತ ಫ್ಯೂಸ್ ಬದಲು ತಾಮ್ರದ ಎಳೆ ಸುತ್ತಿ ಕೊಟ್ಟ. ಕೀ ಹಾಕಿ ಹತ್ತು ಎಣಿಸುವಷ್ಟರಲ್ಲಿ ಟ್ಯಾಂಕಿನ ಕೆಳಗಿಂದ ಹೊಗೆ. ಬ್ಯಾಟರಿ ವೈರ್ ಕಿತ್ತೆಸೆಯುವಾಗ ಬೆರಳು ಸುಟ್ಟಿತು. ಪೆಟ್ರೋಲ್ ಪೈಪ್ ಅಲ್ಲಿಂದ ದೂರವೇನೂ ಇರಲಿಲ್ಲ. ಅದನ್ನು ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತದೆ. ಪೂರ್ತಿ ವೈರಿಂಗ್ ಕಿಟ್ ಬದಲಾಯಿಸಬೇಕಾಯಿತು, ಜೊತೆಗೆ ಕೀ ಸ್ವಿಚ್ಚೂ.

ಇಷ್ಟಾದರೂ ಹೊಸ ಸ್ವಿಚ್ ಸೆಟ್ ಗಾಡಿಯಲ್ಲೇ ಉಳಿಯಿತು. ದುಡ್ಡು ಕೊಟ್ಟು ತಂದಿದ್ದಲ್ವಾ. ಮೂರು ವಾರ ಚೆನ್ನಾಗೇ ಇತ್ತು. ಆಮೇಲೆ ಒಂದು ಸಂಜೆ ಮೂಡಿಗೆರೆಯಿಂದ ಕೊಟ್ಟಿಗೆಹಾರದ ಕಡೆ ಹೋಗುತ್ತಿದ್ದೆ. ಏಳು ಗಂಟೆ, ಮಂಜು. ಎದುರಿಗೆ ಬಸ್ ಬಂತು ಅಂತ ಡಿಪ್ ಮಾಡಿದೆ. ಲೈಟ್ ಪೂರಾ ಆರಿಹೋಯಿತು. ಬ್ರೈಟೂ ಇಲ್ಲ, ಡಿಮ್ಮೂ ಇಲ್ಲ. ಬಸ್ಸಿನ ಬೆಳಕು ಕಣ್ಣಿಗೆ ಹೊಡೆದು ದಾಟಿ ಹೋದ ಮೇಲೆ ಬರೀ ಕತ್ತಲೆ, ಅದೂ ತಿರುವಿನಲ್ಲಿ. ಬ್ರೇಕ್ ಹಿಡಿದು ಅಂದಾಜಿನ ಮೇಲೆ ಎಡಕ್ಕೆ ಎಳೆದೆ. ಚರಂಡಿಗೆ ಒಂದು ಗೇಣು ಈಚೆ ನಿಂತಿದ್ದೆ.

ಮನೆಗೆ ತಂದು ಬಿಚ್ಚಿ ನೋಡಿದರೆ ಒಳಗಿನ ಪ್ಲಾಸ್ಟಿಕ್ ಕರಗಿ ಕಾಂಟ್ಯಾಕ್ಟ್ ಪಟ್ಟಿ ಪಕ್ಕಕ್ಕೆ ವಾಲಿತ್ತು. ಲೆಕ್ಕ ಹೀಗೆ. 35 ವ್ಯಾಟ್ ಬಲ್ಬಿಗೆ 12 ವೋಲ್ಟಿನಲ್ಲಿ ಹತ್ತಿರ ಹತ್ತಿರ 3 ಆಂಪ್ಸ್ ಕರೆಂಟ್ ಹರಿಯುತ್ತದೆ. ಕಾಂಟ್ಯಾಕ್ಟ್ ಸಡಿಲವಾಗಿ ಅಲ್ಲಿ ಅರ್ಧ ಓಮ್ ತಡೆ ಬಂದರೂ ಸಾಕು, ನಾಲ್ಕೂವರೆ ವ್ಯಾಟ್ ಶಾಖ ಬೆರಳುಗುರಿನಷ್ಟು ಜಾಗದಲ್ಲೇ ಹುಟ್ಟುತ್ತದೆ. ತೆಳು ತಗಡು, ಕಳಪೆ ಪ್ಲಾಸ್ಟಿಕ್ ಅದನ್ನು ಎಷ್ಟು ದಿನ ತಡೆದೀತು?

ಆಮೇಲೆ ಒಬ್ಬ ಹಳೇ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಹಳೇ ಸೆಟ್ಟನ್ನು ಚೀಲದಿಂದ ತೆಗೆದು ತೋರಿಸಿದೆ. "ಇಷ್ಟು ಗಟ್ಟಿ ಮಾಲು ಬಿಟ್ಟು ಆ ಆಟಿಕೆ ಯಾಕಪ್ಪಾ ತಂದೆ?" ಅಂದರು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಕಿಲುಬನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ತೆಗೆದರು. ಸ್ಯಾಂಡ್ ಪೇಪರ್ ಮುಟ್ಟಲಿಲ್ಲ, ಗೀರು ಬಿದ್ದರೆ ಅಲ್ಲೇ ಮತ್ತೆ ಕಿಲುಬು ಕೂರುತ್ತದಂತೆ. ಕಳೆದುಹೋದ ಗುಂಡಿನ ಬದಲಿಗೆ ಸೈಕಲ್ ಶಾಪಿನಿಂದ ಫ್ರೀವೀಲಿನ 1/8 ಇಂಚಿನ ಗುಂಡು ತರಿಸಿದರು. ಅದು ಅಳತೆ ಮಾಡಿದ ಹಾಗೆ ಕೂತಿತು. ನಾನು ಕತ್ತರಿಸಿದ್ದ ವೈರುಗಳಿಗೆ ಬೆಸುಗೆ ಹಾಕಿ ಕಪ್ಲರ್ ಹಾಕಿದರು. ಕೂಲಿ 250 ರೂಪಾಯಿ.

ಅವರ ಅಂಗಡಿಯಲ್ಲಿ ಕೂತು ಕಲಿತದ್ದು ಒಂದಷ್ಟಿದೆ. ಸ್ವಿಚ್ಚನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಕೈ ಹಾಕಿ ಬಿಚ್ಚಿದರೆ ಗುಂಡು ಹಾರಿದರೂ ಕವರಿನಲ್ಲೇ ಇರುತ್ತದೆ. ವೈರಿನ ಬಣ್ಣ ನೋಡಿ ನಂಬಬಾರದು, ಮಲ್ಟಿಮೀಟರನ್ನು ಬೀಪ್‌ನಲ್ಲಿಟ್ಟು (ಎರಡು ತುದಿ ಒಂದೇ ವೈರಿನದಾದರೆ ಕೂಗುತ್ತದೆ) ಪರೀಕ್ಷಿಸಬೇಕು. ನನ್ನ ಗಾಡಿಯಲ್ಲಿ ಬ್ರೈಟಿಗೆ ನೀಲಿ, ಡಿಮ್ಮಿಗೆ ಬಿಳಿ, ಎಡ ಇಂಡಿಕೇಟರಿಗೆ ಕಿತ್ತಳೆ, ಬಲಕ್ಕೆ ತಿಳಿನೀಲಿ, ಹಾರ್ನಿಗೆ ತಿಳಿಹಸಿರು. ಆದರೆ ನಡುವೆ ಯಾರಾದರೂ ಕೈಯಾಡಿಸಿದ್ದರೆ ಅದೂ ಸುಳ್ಳಾಗಿರಬಹುದು. ಇನ್ನೊಂದು, ಈ ಹಳೇ ಗಾಡಿಗಳಲ್ಲಿ ಹೆಡ್‌ಲೈಟಿಗೆ ಕರೆಂಟ್ ಬರುವುದು ಬ್ಯಾಟರಿಯಿಂದಲ್ಲ, ಎಂಜಿನ್ ಜೊತೆ ತಿರುಗಿ ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್‌ನಿಂದ. ಎಂಜಿನ್ ಓಡದೆ ಲೈಟ್ ಹತ್ತುವುದಿಲ್ಲ. ಇದು ಗೊತ್ತಿಲ್ಲದೆ ಬರೀ ಕೀ ಹಾಕಿ ನೋಡಿ ಸುಮ್ನೆ ಒಂದು ಮಧ್ಯಾಹ್ನ ಹಾಳು ಮಾಡಿದ್ದೆ. ತಾಮ್ರದ ಎಳೆಯ ವಿಷಯ ಕೇಳಿ ಅವರು ಬೈದದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ.

ಬಲಗೈ ಸ್ವಿಚ್ಚಿನ ವಿಷಯದಲ್ಲಿ ಇನ್ನೂ ಜಾಸ್ತಿ ಎಚ್ಚರ ಬೇಕು. ಆ ಡಬ್ಬಿಯೊಳಗೇ ಆಕ್ಸಿಲರೇಟರ್ ಕೇಬಲ್ ಬಂದು ಸೇರುತ್ತದೆ. ಒಳಗೊಂದು ಸಣ್ಣ ಮೊಳೆಯಂಥದ್ದು ಹ್ಯಾಂಡಲ್ಲಿನ ತೂತಿನಲ್ಲಿ ಕೂರಬೇಕು. ಲೋಕಲ್ ಸೆಟ್ಟಿನಲ್ಲಿ ಅದು ಕೂರದಿದ್ದರೆ ಕೆಲವರು ಉಜ್ಜಿ ತೆಗೆದುಬಿಡುತ್ತಾರೆ. ಆಗ ಡಬ್ಬಿಯೇ ತಿರುಗಿ ಆಕ್ಸಿಲರೇಟರ್ ಕಚ್ಚಿಕೊಳ್ಳಬಹುದು. ಬಿಚ್ಚಿ ಹಾಕಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟರೆ ತಾನಾಗಿ ವಾಪಸ್ ಬರುತ್ತದಾ ನೋಡದೆ ರಸ್ತೆಗಿಳಿಯಬೇಡಿ. ನನ್ನ ಗಾಡಿಯಲ್ಲಿ ಆ ಕಡೆಯ ಲೈಟ್ ಸ್ವಿಚ್ ಈಚೆಗೆ ಸ್ವಲ್ಪ ಬಿಗಿಯಾಗಿದೆ. ನಾನಂತೂ ಇನ್ನೂ ಮುಟ್ಟಿಲ್ಲ.