ಕವರ್, ಟೋಪಿ, ಗ್ರೀಸ್: ಮಳೆಗಾಲಕ್ಕೆ ನನ್ನ ಸ್ಕೂಟರ್‌ಗೆ ಒಗ್ಗಿದ್ದು ಯಾವುದು?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಗ್ರೀಸ್‌ಗೆ. ಚಾರ್ಜರ್ ಪ್ಲಗ್ ಚುಚ್ಚುವ ಪೋರ್ಟಿನ ಮುಚ್ಚಳದ ರಬ್ಬರಿಗೆ ಬಳಿಯಲು ಬೆರಳುದ್ದದ ಒಂದು ಸಿಲಿಕೋನ್ ಗ್ರೀಸ್ ಟ್ಯೂಬ್, ಜೊತೆಗೆ ಒರೆಸಲು ಹಳೇ ಹತ್ತಿಬಟ್ಟೆ, ಅಷ್ಟೇ. ಆದರೆ ಬುದ್ಧಿ ಬಂದದ್ದು ತಡವಾಗಿ. ಎಲೆಕ್ಟ್ರಿಕ್ ಸ್ಕೂಟರ್‌ನ ಮೊದಲ ಮಳೆಗಾಲಕ್ಕೆ ನಾನು ತಂದದ್ದು ಇಡೀ ಗಾಡಿ ಮುಚ್ಚುವ ದಪ್ಪ ಕವರ್. ಅದೇ ದುಡ್ಡಿಗೆ ನಾಲ್ಕೈದು ಟ್ಯೂಬ್ ಬರುತ್ತಿತ್ತು.

ಕವರ್ ನೋಡೋಕೆ ಚೆನ್ನಾಗಿತ್ತು. ಕೆಳಗೆ ಎಲಾಸ್ಟಿಕ್, ಒಂದು ಹನಿಯೂ ಒಳಗೆ ಹೋಗುವುದಿಲ್ಲ. ತೊಂದರೆ ಅಲ್ಲೇ ಇತ್ತು. ಒಳಗಿನ ಹನಿ ಹೊರಗೂ ಬರುವುದಿಲ್ಲ. ನಾನು ಮಳೆಯಲ್ಲಿ ನೆನೆದು ಬಂದವನು ಗಾಡಿ ನಿಲ್ಲಿಸಿ, ಒರೆಸದೆ, ಹಾಗೇ ಮುಚ್ಚಿಬಿಡುತ್ತಿದ್ದೆ. ಓಡಿ ಬಂದ ಮೋಟಾರು, ಬ್ಯಾಟರಿ ಇನ್ನೂ ಬೆಚ್ಚಗಿರುತ್ತಿದ್ದವು. ಮೈಮೇಲಿನ ನೀರು ಆವಿಯಾಗಿ ಕವರ್‌ನ ಒಳಮೈಗೆ ಅಂಟಿ, ತಣ್ಣಗಾಗಿ, ಮತ್ತೆ ಗಾಡಿ ಮೇಲೇ ತೊಟ್ಟಿಕ್ಕುತ್ತಿತ್ತು. ಬೆಳಿಗ್ಗೆ ಕವರ್ ಎತ್ತಿದರೆ ಕುದಿಯುವ ಪಾತ್ರೆಯ ಮುಚ್ಚಳ ತೆಗೆದ ಹಾಗೆ, ಸಾಲು ಸಾಲು ಹನಿ.

ಒಂದೂವರೆ ತಿಂಗಳಾದ ಮೇಲೆ ಚಾರ್ಜಿಂಗ್ ಕೈಕೊಟ್ಟಿತು. ಪ್ಲಗ್ ಹಾಕಿದರೆ ದೀಪ ಬರುತ್ತದೆ, ಐದು ನಿಮಿಷಕ್ಕೆ ಆರುತ್ತದೆ. ತೆಗೆದು ಹಾಕಿದರೆ ಮತ್ತೆ ಅದೇ ಆಟ. ಚಾರ್ಜರ್ ಹೋಯಿತು ಅಂತಲೇ ಅಂದುಕೊಂಡೆ. ಪ್ಲಗ್ ಮುಟ್ಟಿದರೆ ಯಾವತ್ತಿಗಿಂತ ಜಾಸ್ತಿ ಬಿಸಿ. ಟಾರ್ಚ್ ಬಿಟ್ಟು ಚಾರ್ಜಿಂಗ್ ಪೋರ್ಟ್ ಒಳಗೆ ಇಣುಕಿದೆ. ಒಂದು ಪಿನ್ನಿನ ಬುಡದಲ್ಲಿ ಹಸಿರು. ಹಿತ್ತಾಳೆ ಪಾತ್ರೆಗೆ ಹಿಡಿಯುತ್ತದಲ್ಲ, ಅದೇ ಕಿಲುಬು. ಕಿಲುಬು ಹಿಡಿದ ಕಡೆ ಕರೆಂಟು ಸಲೀಸಾಗಿ ಹರಿಯುವುದಿಲ್ಲ, ಅಲ್ಲಿ ಬಿಸಿ ಏರುತ್ತದೆ, ಚಾರ್ಜಿಂಗ್ ನಿಲ್ಲುತ್ತದೆ. ಮೆಕ್ಯಾನಿಕ್ ಬ್ಯಾಟರಿ ಸಂಪರ್ಕ ತಪ್ಪಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಉಜ್ಜಿ ಕೊಟ್ಟ. ಮಳೆ ನೀರು ಒಳಗೆ ಹೋಗದಿದ್ದರೂ ಗಾಡಿ ಕೆಟ್ಟಿತ್ತು, ನೋಡಿ.

‘ಬ್ಯಾಟರಿ ಐಪಿ67 ಅಲ್ವಾ?’ ಅಂತ ಕೇಳಬಹುದು. ನಾನೂ ಅದನ್ನೇ ನಂಬಿಕೊಂಡಿದ್ದೆ. ಐಪಿ ಅಂದರೆ ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು; 6 ಧೂಳಿನದ್ದು, 7 ನೀರಿನದ್ದು. ಆ 7 ಅಂದರೆ 1 ಮೀಟರ್ ಆಳದ ನೀರಲ್ಲಿ 30 ನಿಮಿಷ ಮುಳುಗಿಸಿಟ್ಟು ನೋಡಿದ್ದಾರೆ ಅಂತ. ಅದು ಬ್ಯಾಟರಿ ಪೆಟ್ಟಿಗೆಯ ಮಾತು, ಚಾರ್ಜಿಂಗ್ ಪೋರ್ಟಿನದ್ದಲ್ಲ. ಪರೀಕ್ಷೆ ಹೊಸ ರಬ್ಬರ್ ಸೀಲ್ ಮೇಲೆ ಆಗಿರುತ್ತದೆ, ಮೂರು ಬೇಸಿಗೆ ಕಂಡದ್ದರ ಮೇಲಲ್ಲ. ಇನ್ನೊಂದು, ಮುಳುಗಿದರೂ ತಡೆಯುತ್ತದೆ ಅಂದಮಾತ್ರಕ್ಕೆ ಪೈಪಿನ ರಭಸ ತಡೆಯುತ್ತದೆ ಅಂತಲ್ಲ. ರಭಸಕ್ಕೆ ಅದೇ ನೀರಿನ ಅಂಕಿಯ ಜಾಗದಲ್ಲಿ 5 ಮತ್ತು 6 ಅಂತ ಬೇರೆ ಪರೀಕ್ಷೆಗಳಿವೆ. ಹಾಗಾಗಿ ಪ್ರೆಷರ್ ವಾಷರ್ ಹತ್ತಿರವೂ ನಾನು ಹೋಗುವುದಿಲ್ಲ.

ಪೋರ್ಟಿಗೆ ಹಾಕುವ ರಬ್ಬರ್ ಟೋಪಿಯನ್ನೂ ನೋಡಿದೆ. ಪರವಾಗಿಲ್ಲ. ಆದರೆ ಅಂಚಿಗೆ ಒಂದು ಮರಳಿನ ಕಾಳು ಸಿಕ್ಕಿಕೊಂಡರೂ ಸರಿಯಾಗಿ ಕೂರುವುದಿಲ್ಲ. ಒದ್ದೆ ಇದ್ದಾಗ ಮುಚ್ಚಿದರೆ ಕವರ್‌ನದ್ದೇ ಕಥೆ, ಸಣ್ಣದಾಗಿ.

ಈಗಿನ ಕ್ರಮ ಇಷ್ಟು. ಬಂದ ತಕ್ಷಣ ಬಟ್ಟೆಯಿಂದ ಒರೆಸುತ್ತೇನೆ, ಪೋರ್ಟಿನ ಸುತ್ತ ಎರಡು ಸಲ. ಅರ್ಧ ಗಂಟೆ ಬಿಟ್ಟು, ಒಳಗೆ ಒಣಗಿದೆಯಾ ನೋಡಿ ಚಾರ್ಜ್‌ಗೆ ಹಾಕುತ್ತೇನೆ. ವೈರು ಪೋರ್ಟಿಗಿಂತ ಕೆಳಗೆ ಒಂದು ಸುತ್ತು ಇಳಿದು ಮೇಲೆ ಬರಬೇಕು, ಆಗ ವೈರಿನ ಮೇಲೆ ಹರಿದ ನೀರು ಅಲ್ಲೇ ಕೆಳಗೆ ಬೀಳುತ್ತದೆ. ತಿಂಗಳಿಗೊಮ್ಮೆ ಪೋರ್ಟ್ ಮುಚ್ಚಳದ ರಬ್ಬರ್ ಅಂಚಿಗೆ ಗ್ರೀಸ್, ಬೆರಳ ತುದಿಯಲ್ಲಿ ಹೊಳಪು ಕಾಣುವಷ್ಟು ಮಾತ್ರ. ಪಿನ್ನಿಗೆ ಮೆತ್ತಬೇಡಿ, ಈ ಗ್ರೀಸ್ ಕರೆಂಟು ಹರಿಸುವುದಿಲ್ಲ. ಚೈನಿಗೆ ಹಾಕುವ ಗ್ರೀಸ್ ಇದೆಯಲ್ಲ ಅಂತ ಅದನ್ನು ಬಳಿಯಲೂ ಬೇಡಿ, ಪೆಟ್ರೋಲಿಯಂ ಗ್ರೀಸ್‌ಗೆ ಕೆಲವು ರಬ್ಬರ್ ಉಬ್ಬಿಕೊಳ್ಳುತ್ತದೆ.

ಗ್ರೀಸ್‌ಗೂ ಒಂದು ಕಾಟ ಇದೆ: ಧೂಳು ಅಂಟುತ್ತದೆ. ಹಳೆಯದನ್ನು ಒರೆಸದೆ ಮೇಲೆ ಮೇಲೆ ಬಳಿದರೆ ಅಂಚು ಕೆಸರಾಗುತ್ತದೆ.

ದಿನಾ ಗಾಡಿ ಓಡಿಸುವ, ಮೇಲೊಂದು ಚಾವಣಿ ಇರುವ ನನ್ನಂಥವರಿಗೆ ಗ್ರೀಸ್ ಸಾಕು. ವಾರಗಟ್ಟಲೆ ಬಯಲಲ್ಲಿ ನಿಲ್ಲಿಸುವವರು ಕವರ್ ತಗೊಳ್ಳಿ, ಆದರೆ ಗಾಳಿಯಾಡಲು ಕಿಂಡಿ ಇರುವಂಥದ್ದು. ಹೊದಿಸುವ ಮುಂಚೆ ಗಾಡಿ ಒಣಗಿರಲಿ. ನನ್ನ ಕವರ್ ಈಗ ತೋಟದ ಸಾಮಾನಿನ ಮೇಲಿದೆ.