ಮಾರುವ ಮನೆಯ ಮುಖಕ್ಕೆ ಯಾವುದು ಒಪ್ಪುತ್ತದೆ: ಕ್ಲ್ಯಾಡಿಂಗ್ ಟೈಲ್ಸ್, ಸಿಮೆಂಟ್ ಪೇಂಟ್, ಎಮಲ್ಷನ್

ಮನೆ ಮಾರುವ ಮೊದಲು ಮುಂಭಾಗಕ್ಕೆ ಹಣ ಹಾಕುವುದಿದ್ದರೆ ಹಳೆಯ ಬಣ್ಣವನ್ನು ಚೆನ್ನಾಗಿ ಕೆರೆಸಿ, ಬಣ್ಣ ಹಿಡಿಯಲು ಮೊದಲು ಬಳಿಯುವ ಪ್ರೈಮರ್ ಕೊಡಿಸಿ, ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ (ಹೊರಗೋಡೆಗೆ ಬಳಿಯುವ, ನೀರಿನಾಧಾರದ ಬಣ್ಣ) ಹೊಡೆಸಿ. ಮೈಸೂರಿನ ಕುವೆಂಪುನಗರದಲ್ಲಿ ಅಪ್ಪ ಕಟ್ಟಿಸಿದ್ದ ಮನೆಯನ್ನು ಮಾರಿದ ಮೇಲೆ ಈ ಮಾತನ್ನು ಗಟ್ಟಿಯಾಗಿ ಹೇಳಬಲ್ಲೆ. ಮೂರೂ ಬಗೆಯನ್ನು ಒಂದೇ ಮನೆಯ ಮೇಲೆ ನೋಡುವ ಅವಕಾಶ ನನಗೆ ಸಿಕ್ಕಿತು. ಕಾಂಪೌಂಡ್ ಗೋಡೆಗೆ ಭಾವನವರ ಇಷ್ಟದಂತೆ ಕ್ಲ್ಯಾಡಿಂಗ್, ಅಂದರೆ ಗೋಡೆಯ ಮೇಲೆ ಅಂಟಿಸುವ ಕಲ್ಲಿನ ಪಟ್ಟಿಗಳು, ಮನೆಯ ಎರಡು ಪಕ್ಕಗಳಿಗೆ ಸಿಮೆಂಟ್ ಬೆರೆತ ಪುಡಿಯನ್ನು ನೀರಿನಲ್ಲಿ ಕಲಸಿ ಬಳಿಯುವ ಸಿಮೆಂಟ್ ಪೇಂಟ್, ರಸ್ತೆಗೆ ಕಾಣುವ ಗೋಡೆಗೆ ಎಮಲ್ಷನ್.

ಕ್ಲ್ಯಾಡಿಂಗ್ ಅಂಟಿಸಿದ ವಾರ ಕಣ್ಣಿಗೆ ಹಬ್ಬವಾಗಿತ್ತು. ಹಳೆಯ ಕಾಲದ ಗಾರೆ ಗೋಡೆ ಮರೆಯಾಗಿ ಗೇಟಿನ ಎರಡೂ ಬದಿಗೆ ಬೂದು, ಕಂದು ಕಲ್ಲಿನ ಸಾಲುಗಳು. ಬೀದಿಯವರೆಲ್ಲ ನಿಂತು ನೋಡಿದರು. ಮೇ ತಿಂಗಳ ಗುಡುಗು ಮಳೆ ನಾಲ್ಕು ಸಲ ಸುರಿದು ಬಿಸಿಲು ಬಂದಾಗ ಕೆಳಗಿನ ಸಾಲುಗಳ ಸಂದುಗಳಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿತು. ಒಣ ಬ್ರಷ್‌ನಿಂದ ಉಜ್ಜಿದರೆ ಹೋಗುತ್ತಿತ್ತು, ಮುಂದಿನ ಮಳೆಯ ನಂತರ ಮತ್ತೆ ಬರುತ್ತಿತ್ತು. ಟೈಲ್ಸ್ ಮಾರಿದವರು ಆ್ಯಸಿಡ್ ಹಾಕಿ ತೊಳೆಯಿರಿ ಎಂದರು. ತೊಳೆಸಿದೆವು. ಬಿಳಿ ಕೆಲವು ದಿನ ಮಾಯವಾಯಿತು, ಜೊತೆಗೆ ಸಂದಿನ ಸಿಮೆಂಟೂ ಸವೆದು ಸಣ್ಣ ಸಣ್ಣ ಕುಳಿಗಳು ಬಿದ್ದವು. ಆ ಕುಳಿಗಳಲ್ಲಿ ನೀರು ನಿಂತು ಆ ಬಿಳಿ ಉಪ್ಪು ಇನ್ನೂ ಜೋರಾಗಿ ಹೊರಬಂತು.

ನಮ್ಮ ಹಳೆಯ ಮೇಸ್ತ್ರಿಯನ್ನು ಕರೆಸಿದೆ. ಅವರು ಬೆರಳಿನಿಂದ ಸಂದನ್ನು ಕೆದಕಿ, "ಅಮ್ಮಾ, ಟೈಲ್ಸ್ ಚೆನ್ನಾಗಿಯೇ ಇದೆ. ಒಳಗಿನ ಗೋಡೆ ನೀರು ಕುಡಿಯುತ್ತಿದೆ" ಎಂದರು. ಅವರು ವಿವರಿಸಿದ್ದು ಇಷ್ಟು: ನಮ್ಮ ಕಾಂಪೌಂಡಿಗೆ ತಳದಲ್ಲಿ ತೇವ ತಡೆಯುವ ಕಾಂಕ್ರೀಟ್ ಪಟ್ಟಿ ಇಲ್ಲ. ನೆಲದ ನೀರು ಇಟ್ಟಿಗೆಯ ಮೂಲಕ ಮೇಲೇರುವಾಗ ಇಟ್ಟಿಗೆ, ಗಾರೆ, ಮಣ್ಣಿನಲ್ಲಿರುವ ಲವಣವನ್ನು ಕರಗಿಸಿಕೊಂಡು ಬರುತ್ತದೆ. ಹೊರಮೈಗೆ ಬಂದು ನೀರು ಆವಿಯಾದರೆ ಲವಣ ಮಾತ್ರ ಉಳಿಯುತ್ತದೆ. ಬರಿಯ ಗೋಡೆಯಿದ್ದಾಗ ಇಡೀ ಮೈಯಿಂದ ಆರುತ್ತಿದ್ದ ತೇವಕ್ಕೆ ಈಗ ಸಂದುಗಳಷ್ಟೇ ದಾರಿ. ನಮ್ಮ ಮನೆಯಲ್ಲಿ ಇನ್ನೊಂದು ಕಾರಣವೂ ಇತ್ತು. ಗೇಟಿನ ಮುಂದೆ ಬೆಳಿಗ್ಗೆ ಎದ್ದ ಕೂಡಲೇ ನೀರು ಚಿಮುಕಿಸಿ ರಂಗೋಲಿ ಹಾಕುವುದು ಅಮ್ಮನ ಕಾಲದಿಂದ ಬಂದ ರೂಢಿ, ನಾನೂ ಬಿಟ್ಟಿಲ್ಲ, ಬಿಡುವುದೂ ಇಲ್ಲ. ಆ ಗೋಡೆಯ ತಳ ವರ್ಷವಿಡೀ ಒದ್ದೆ.

ಇದರಿಂದ ಆದ ತೊಂದರೆ ಬರೀ ಅಂದದ್ದಾಗಿರಲಿಲ್ಲ. ಮನೆ ನೋಡಲು ಬಂದವರು ಒಳಗೆ ಕಾಲಿಡುವ ಮೊದಲೇ ಆ ಬಿಳಿಯನ್ನು ನೋಡಿ, "ಮನೆಯ ಗೋಡೆಗಳಲ್ಲೂ ನೀರು ಇಳಿಯುತ್ತದೆಯೇ?" ಎಂದು ಕೇಳುತ್ತಿದ್ದರು. ಇಲ್ಲ ಎಂದು ಎಷ್ಟು ಹೇಳಿದರೂ ಅವರ ಕೈ ಬಚ್ಚಲುಮನೆಯ ಹಿಂದಿನ ಗೋಡೆಯನ್ನು ಸವರಿ ನೋಡುತ್ತಿತ್ತು. ಬೆಲೆಯ ಮಾತು ಅಲ್ಲಿಂದಲೇ ಇಳಿಯತೊಡಗುತ್ತಿತ್ತು. ಚೆಂದಕ್ಕೆಂದು ಹಾಕಿದ್ದೇ ಅನುಮಾನ ಹುಟ್ಟಿಸಿದರೆ ಆ ಖರ್ಚಿಗೆ ಅರ್ಥವಿಲ್ಲ. ಅದೂ ಎಂಥ ಖರ್ಚು! ಕಾಂಪೌಂಡಿನ ಮುಂಭಾಗಕ್ಕೆ ಮಾತ್ರ ಆದ ಹಣದಲ್ಲಿ ಮನೆಯ ಮುಂಗೋಡೆಗೆ ಎಮಲ್ಷನ್ ಹೊಡೆಸಿ, ಗೇಟು, ಕಿಟಕಿಯ ಸರಳುಗಳಿಗೂ ಬಣ್ಣ ಕೊಡಿಸಿ ಇನ್ನೂ ಉಳಿಯುತ್ತಿತ್ತು.

ಎಮಲ್ಷನ್ ಕೂಡ ತೇವದ ಗೋಡೆಯ ಮೇಲೆ ಗುಳ್ಳೆ ಏಳುತ್ತದೆ, ಅದು ನಿಜ. ಆದರೆ ಗುಳ್ಳೆ ಎದ್ದ ಜಾಗವನ್ನು ಕೆರೆದು, ಆರಲು ಬಿಟ್ಟು, ಮತ್ತೆ ಬಳಿಯಬಹುದು. ಟೈಲ್ಸನ್ನು ಒಡೆಯಬೇಕು. ಮನೆಯ ಮುಂಗೋಡೆ ಎತ್ತರದ ಪಾಯದ ಮೇಲಿರುವುದರಿಂದ ನಮಗೆ ಆ ಭಯವೂ ಇರಲಿಲ್ಲ. ಹಳೆಯ ಬಣ್ಣ ಕೈಗೆ ಪುಡಿ ಹತ್ತುವಂತಿತ್ತು. ಅದರ ಮೇಲೆಯೇ ಎಮಲ್ಷನ್ ಬಳಿದರೆ ಹೊಸ ಬಣ್ಣ ಹಿಡಿಯುವುದು ಗೋಡೆಯನ್ನಲ್ಲ, ಆ ಪುಡಿಯನ್ನು, ಸ್ವಲ್ಪ ಕಾಲಕ್ಕೆ ಸಿಪ್ಪೆಯಂತೆ ಏಳುತ್ತದೆ. ಆದ್ದರಿಂದ ಕೆರೆಯುವ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ. ಪ್ಯಾರಪೆಟ್‌ನಿಂದ ಇಳಿದಿದ್ದ ಕಪ್ಪು ಗೆರೆಗಳನ್ನೂ ಸಜ್ಜಾದ ಕೆಳಗಿನ ಪಾಚಿಯನ್ನೂ ಮೊದಲು ಉಜ್ಜಿ ತೊಳೆಸಿ, ಬಿರುಕು ತುಂಬಿಸಿ, ಗೋಡೆ ಪೂರ್ತಿ ಒಣಗಿದ ಮೇಲೆ ಪ್ರೈಮರ್ ಕೊಡಿಸಿದೆ. ಬಣ್ಣ ತಿಳಿ ಕೆನೆ. ಕಡುಬಣ್ಣ ನನಗೆ ಇಷ್ಟವೇ, ಆದರೆ ಕೊಳ್ಳುವವರ ಮನಸ್ಸು ನಮಗೆ ಗೊತ್ತಿರುವುದಿಲ್ಲ.

ಸಿಮೆಂಟ್ ಪೇಂಟ್ ಅಗ್ಗ. ಒದ್ದೆ ಮಾಡಿದ ಗೋಡೆಗೆ ಬಳಿದು, ಆಮೇಲೂ ನೀರು ಚಿಮುಕಿಸಬೇಕು. ಅದನ್ನು ತಪ್ಪಿಸಿದ ಕಡೆ ಬಣ್ಣ ಬೇಗ ಪುಡಿಯಾಗುತ್ತದೆ. ಹೊಳಪಿಲ್ಲ, ಧೂಳು ಬೇಗ ಹಿಡಿಯುತ್ತದೆ. ಪಕ್ಕದ ಮನೆಗೆ ಮಾತ್ರ ಕಾಣುವ ಗೋಡೆಗೆ ಅಷ್ಟು ಸಾಕು. ಗೋಡೆಯ ತೇವ ಹೊರಹೋಗಲು ಅದು ಬಿಡುತ್ತದೆ ಎಂಬ ಗುಣವನ್ನು ಮಾತ್ರ ಮೆಚ್ಚಲೇಬೇಕು. ಕೊನೆಗೆ ಕಾಂಪೌಂಡಿನ ಕೆಳಗಿನ ಸಾಲುಗಳನ್ನು ತೆಗೆಸಿ, ಗೋಡೆ ಆರಿದ ಮೇಲೆ ಗಾರೆ ಮಾಡಿಸಿ ಸಿಮೆಂಟ್ ಪೇಂಟನ್ನೇ ಬಳಿಸಿದೆವು. ಮೇಲಿನ ಕಲ್ಲುಗಳು ಹಾಗೆಯೇ ಇವೆ, ಭಾವನವರಿಗೂ ಸಮಾಧಾನವಾಯಿತು.

ಗೇಟಿಗೆ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಪ್ರೈಮರ್ ಕೊಟ್ಟು, ಎನಾಮಲ್ ಬಳಿಸಿ. ಬಂದವರು ಮೊದಲು ಮುಟ್ಟುವುದೇ ಅದರ ಚಿಲಕವನ್ನು. ಖಾತೆ, ಋಣಭಾರ ಪತ್ರಗಳನ್ನು ಆಮೇಲೆ ಕೇಳುತ್ತಾರೆ.

ನಾನು ಪಿಂಚಣಿಯಲ್ಲಿ ಬದುಕುವವಳು, ಮಾರಿದ ಹಣದಲ್ಲಿ ಅಕ್ಕ, ತಮ್ಮನಿಗೂ ಪಾಲು ಕೊಡಬೇಕಿತ್ತು. ಮುಂಭಾಗಕ್ಕೆ ಹಾಕಿದ ಹಣ ಮರಳುವಂತಿರಬೇಕಿತ್ತು. ಎಮಲ್ಷನ್ ಹಣ ಮರಳಿತು ಎಂದೇ ನನ್ನ ನಂಬಿಕೆ, ಏಕೆಂದರೆ ಆ ಗೋಡೆ ತೋರಿಸಿ ಯಾರೂ ಬೆಲೆ ಇಳಿಸಲಿಲ್ಲ. ನೀವೇ ವಾಸಿಸುವ ಹೊಸ ಮನೆಯಾದರೆ, ತಳದಲ್ಲಿ ತೇವ ತಡೆಯುವ ಪಟ್ಟಿ ಇದ್ದರೆ, ಕ್ಲ್ಯಾಡಿಂಗ್ ಬಗ್ಗೆ ಯೋಚಿಸಿ. ಮಾರುವವರು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಬಣ್ಣದ ಕೆಲಸ ಮುಗಿಸಿಕೊಳ್ಳಿ. ಮೈಸೂರಿನಲ್ಲಿ ಗೋಡೆ ನಿಜವಾಗಿ ಒಣಗಿರುವುದು ಆಗಲೇ.